ತೋಟದ ಫಲ ಯಾರ ಪಾಲು

ಫಲ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ. ಮರದಲ್ಲಿ ಬಿಡುವುದೂ ಫಲ, ಮಾಡಿದ ಕೆಲಸಕ್ಕೆ ದಕ್ಕುವುದೂ ಫಲ. ಹಣ್ಣು, ಕಾಯಿ ಎಂಬ ಅಚ್ಚಗನ್ನಡ ಪದಗಳಿಗೆ ಈ ಇಬ್ಬಗೆ ಅಷ್ಟಾಗಿ ಇಲ್ಲ. ಅವು ಮರವನ್ನು ಬಿಟ್ಟು ಆಚೆ ಹೋಗುವುದು ಅಪರೂಪ. ಫಲ ಎಂದೊಡನೆ ಮಾತ್ರ ತೋಟದ ಲೆಕ್ಕಕ್ಕೆ ಧರ್ಮದ ಲೆಕ್ಕವೂ ಸೇರಿಕೊಳ್ಳುತ್ತದೆ: ನೆಟ್ಟವನು ಒಬ್ಬ, ನೀರು ಕೊಟ್ಟ ನೆಲ ಎಲ್ಲರದು, ಕೂಲಿ ಮಾಡಿದವಳು ಇನ್ನೊಬ್ಬಳು, ಹಸಿದವನು ಮತ್ತೊಬ್ಬ, ಇವರಲ್ಲಿ ಫಲ ಯಾರದು? ಬಡ ನಾಡುಗಳಲ್ಲಿ ಹಣ್ಣು ತರಕಾರಿ ಬೆಳೆಯನ್ನು ಹೆಚ್ಚಿಸುವ ಯೋಜನೆಗಳು ಇಳುವರಿ, ತಳಿ, ಮಾರುಕಟ್ಟೆ ಎಂಬ ಮೂರು ಮಾತುಗಳಲ್ಲಿ ಸಾಮಾನ್ಯವಾಗಿ ಮುಗಿಯುತ್ತವೆ. ಪಾಲಿನ ಪ್ರಶ್ನೆ ಅಲ್ಲಿ ಕೊನೆಯ ಪುಟಕ್ಕೆ ಹೋಗುತ್ತದೆ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಅದು ಮೊದಲ ಪ್ರಶ್ನೆ. ಈ ಸೀಮೆ ತನ್ನ ದೊಡ್ಡ ಸಂತನೊಬ್ಬನನ್ನು ಗುರುತಿಸುವುದೇ ತೋಟದ ಹೆಸರಿನಿಂದ.

ಕುಣಿಗಲ್ ತಾಲ್ಲೂಕಿನ ಕಗ್ಗೆರೆ ನಾಗಿನಿ ಹೊಳೆಯ ದಂಡೆಯ ಊರು. ಅಲ್ಲಿ ಭಕ್ತನೊಬ್ಬನ ತೋಟದಲ್ಲಿ ಸಿದ್ಧಲಿಂಗ ಯತಿಗಳು ಶಿವಯೋಗಕ್ಕೆ ಕುಳಿತರೆಂದೂ, ಕರೆದು ತಂದ ಭಕ್ತ ಅವರನ್ನು ಮರೆತೇಬಿಟ್ಟನೆಂದೂ, ನೆನಪಾಗಿ ಓಡಿ ಬರುವ ಹೊತ್ತಿಗೆ ಅವರ ಮೈಸುತ್ತ ಹುತ್ತ ಬೆಳೆದಿತ್ತೆಂದೂ ಪುರಾಣ ಹೇಳುತ್ತದೆ. ಅಂದಿನಿಂದ ಅವರು ತೋಂಟದ ಸಿದ್ಧಲಿಂಗರು. ಹದಿನೈದನೆಯ ಶತಮಾನದ ಕೊನೆ ಮತ್ತು ಹದಿನಾರನೆಯ ಶತಮಾನದ ಮೊದಲ ಭಾಗ ಅವರ ಕಾಲ. ಅವರ ಗುರು ಗೋಸಲ ಚನ್ನಬಸವೇಶ್ವರರ ಹೆಸರಿನ ದೇವಾಲಯ ಗುಬ್ಬಿಯಲ್ಲಿದೆ. ಸಿದ್ಧಲಿಂಗರ ಗದ್ದುಗೆ ಎಡೆಯೂರಿನಲ್ಲಿದೆ. ಏಳುನೂರೊಂದು ವಚನಗಳ ಷಟ್‌ಸ್ಥಲ ಜ್ಞಾನಸಾರಾಮೃತ ಅವರ ಕೃತಿ. ಕಥೆಯಲ್ಲಿ ಗಮನ ಸೆಳೆಯುವುದು ತಪಸ್ಸಿನ ಜಾಗ. ಯೋಗಿಗಳು ಸಾಮಾನ್ಯವಾಗಿ ಬೆಟ್ಟಕ್ಕೆ, ಗವಿಗೆ, ಕಾಡಿಗೆ ಹೋಗುತ್ತಾರೆ. ತೋಟ ಕಾಡಲ್ಲ, ಅದಕ್ಕೆ ಒಡೆಯನಿದ್ದಾನೆ, ಬೇಲಿ ಇದೆ, ಕಂದಾಯ ಇದೆ. ಇನ್ನೊಬ್ಬನ ದುಡಿಮೆಯ ನೆಲದಲ್ಲಿ ಏನನ್ನೂ ಕೇಳದೆ ಕುಳಿತವನ ಕಥೆ ಇದು. ಒಡೆಯ ಮರೆತ ಎಂಬ ವಿವರವನ್ನು ಪುರಾಣಕಾರ ಮರೆಮಾಚಿಲ್ಲ. ತನ್ನ ತೋಟದಲ್ಲಿ ಯಾರಿದ್ದಾರೆ ಎಂಬುದನ್ನೇ ಮರೆತ ಒಡೆಯನ ಚಿತ್ರ, ಇಂದು ಬೆಂಗಳೂರಿನಲ್ಲಿದ್ದುಕೊಂಡು ಕುಣಿಗಲ್ ಸುತ್ತ ತೋಟ ಮಾಡಿಸುವವರ ಕಾಲದಲ್ಲಿ, ಬೇರೆಯೇ ಬಣ್ಣ ಪಡೆಯುತ್ತದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ಬಂದ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಗಿದೆ.

ಶರಣರು ದುಡಿಮೆಯನ್ನು ಕಾಯಕವೆಂದರು, ಅದರ ಫಲದ ಹಂಚಿಕೆಯನ್ನು ದಾಸೋಹವೆಂದರು. ಇವೆರಡನ್ನೂ ಬಿಡಿಸಿ ನೋಡಿದರೆ ಎರಡೂ ಅರ್ಥ ಕಳೆದುಕೊಳ್ಳುತ್ತವೆ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಪ್ರಸಂಗ ಇದಕ್ಕೆ ಸಾಕ್ಷಿ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿ ಕಳಿಸುತ್ತಾಳೆ. ಅಕ್ಕಿ ಕದ್ದದ್ದಲ್ಲ; ನೆಲಕ್ಕೆ ಬಿದ್ದದ್ದು, ಕೇಳುವವರಿಲ್ಲದ್ದು. ಆದರೂ ಅವಳ ಕಣ್ಣಿಗೆ ಅದು ಅವರ ಪಾಲಲ್ಲ. ಕಾಯಕದ ಶುದ್ಧಿಯನ್ನು ದುಡಿಮೆಯ ಪ್ರಾಮಾಣಿಕತೆಯಿಂದ ಅಳೆಯುವುದು ಸುಲಭ. ಲಕ್ಕಮ್ಮ ಅದನ್ನು ಪ್ರಮಾಣದಿಂದ ಅಳೆದಳು. ಕೊಳವೆಬಾವಿಯ ಕಾಲದಲ್ಲಿ ಈ ಅಳತೆ ಎಷ್ಟು ಕಠಿಣವೆಂಬುದು ಮುಂದೆ ಕಾಣುತ್ತದೆ.

ದಾಸೋಹ ಈ ಸೀಮೆಯಲ್ಲಿ ತತ್ವವಾಗಿ ಉಳಿಯದೆ ಅಡುಗೆಮನೆಯೂ ಆಯಿತು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಊಟ, ವಸತಿ, ಓದು ಸಿಗುತ್ತವೆ. 1941ರಿಂದ ಮಠದ ಹೊಣೆ ಹೊತ್ತು 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿ ಬೆಳೆಸಿದ ವ್ಯವಸ್ಥೆ ಇದು. ಒಲೆ ಹಗಲಿರುಳು ಆರದಿರುವುದಕ್ಕೆ ಸುತ್ತಲಿನ ಹಳ್ಳಿಗಳ ರಾಗಿ, ಅಕ್ಕಿ, ತೆಂಗಿನಕಾಯಿ, ತರಕಾರಿ ಕಾರಣ. ಶಿವರಾತ್ರಿಯ ಹೊತ್ತಿಗೆ ನಡೆಯುವ ಜಾತ್ರೆಯಲ್ಲಿ ದನಗಳ ಪರಿಷೆಯ ಜೊತೆಗೆ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನವೂ ಇರುತ್ತದೆ. ತೇರು ನೋಡಲು ಬಂದ ರೈತ ಹೊಸ ಸಸಿ ನೋಡಿಕೊಂಡು ಹೋಗುತ್ತಾನೆ.

ಇದಕ್ಕಿಂತ ಹಳೆಯ ಇನ್ನೊಂದು ಎಳೆ ಶಾಸನಗಳಲ್ಲಿದೆ. ಕನ್ನಡದ ದಾನಶಾಸನಗಳ ಶಾಪಾಶಯದಲ್ಲಿ ಕೆರೆಯನ್ನೂ ಆರವೆಯನ್ನೂ ಅಳಿಸುವುದು ವಾರಣಾಸಿಯನ್ನು ಕೆಡಿಸಿದ, ಕವಿಲೆ ಹಸುವನ್ನು ಕೊಂದ ಪಾಪದ ಸಾಲಿನಲ್ಲಿ ಬರುತ್ತದೆ. ಆರವೆ ಎಂದರೆ ತೋಪು, ತೋಟ. ಸಪ್ತಸಂತಾನದ ಪಟ್ಟಿಯಲ್ಲಿ ಮಗ, ಕೆರೆ, ದೇವಾಲಯ, ಕಾವ್ಯಗಳ ಜೊತೆ ವನಕ್ಕೂ ಸ್ಥಾನವಿದೆ. ಒಂದು ಮರ ಹತ್ತು ಮಕ್ಕಳಿಗೆ ಸಮವೆಂದು ಮತ್ಸ್ಯಪುರಾಣ ಲೆಕ್ಕ ಕೊಡುತ್ತದೆ. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ ಮಾಗಡಿ ತಾಲ್ಲೂಕಿನ ಹುಲಿಕಲ್‌ಗೆ ಮದುವೆಯಾಗಿ ಹೋದ ಸಾಲುಮರದ ತಿಮ್ಮಕ್ಕ ಈ ಪುರಾಣ ಓದಿದವರಲ್ಲ, ಶಾಲೆಗೇ ಹೋದವರಲ್ಲ. ಮಕ್ಕಳಿಲ್ಲದ ತಿಮ್ಮಕ್ಕ ಮತ್ತು ಗಂಡ ಚಿಕ್ಕಯ್ಯ ಹುಲಿಕಲ್–ಕುದೂರು ರಸ್ತೆಯಲ್ಲಿ 385 ಆಲದ ಸಸಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಬಂತು. ಆಲದ ಹಣ್ಣನ್ನು ಮನುಷ್ಯ ತಿನ್ನುವುದಿಲ್ಲ, ಮಾರುವುದೂ ಇಲ್ಲ. ನೆಟ್ಟವರಿಗೆ ಏನೂ ಬರದ, ಹಕ್ಕಿಗೆ ಹಣ್ಣು ದಾರಿಹೋಕನಿಗೆ ನೆರಳು ಕೊಡುವ ಮರವನ್ನೇ ಅವರು ಆರಿಸಿಕೊಂಡರು. ಫಲತ್ಯಾಗಕ್ಕೆ ಇಷ್ಟು ನೇರವಾದ ಉದಾಹರಣೆ ತತ್ವಶಾಸ್ತ್ರದ ಪುಸ್ತಕದಲ್ಲಿ ಸಿಗುವುದು ಕಷ್ಟ.

ಆದರೆ ಎಲ್ಲ ಮರಗಳೂ ಸಾಲುಮರಗಳಾಗಲಾರವು. ಕರ್ಮದಲ್ಲಿ ಅಧಿಕಾರ, ಫಲದಲ್ಲಿ ಅಲ್ಲ ಎಂಬ ಗೀತೆಯ ನಿಲುವನ್ನು ಎರಡು ಎಕರೆಯ ರೈತನ ಮುಂದೆ ಇಟ್ಟರೆ ಅದು ಉಪದೇಶವೋ ಹಾಸ್ಯವೋ ತಿಳಿಯದು. ಫಲದ ಮೇಲೆ ಅವನಿಗೆ ಅಧಿಕಾರವಿಲ್ಲ ಎಂಬುದನ್ನು ಮಂಡಿಯ ದಲ್ಲಾಳಿ ಎಂದೋ ಕಲಿಸಿದ್ದಾನೆ. ಗೀತೆ ಬಿಡಿಸಲು ಹೊರಟದ್ದು ಫಲದ ಹಂಬಲವನ್ನು. ಫಲವನ್ನು ಇನ್ನೊಬ್ಬ ಕಸಿದುಕೊಳ್ಳುವುದಕ್ಕೆ ಅದು ಒಪ್ಪಿಗೆ ಕೊಡುವುದಿಲ್ಲ. ಈ ವ್ಯತ್ಯಾಸ ಮರೆತಾಗಲೆಲ್ಲ ನಿಷ್ಕಾಮಕರ್ಮ ಬಡವನ ಬಾಯಿ ಮುಚ್ಚಿಸುವ ಮಾತಾಗಿದೆ.

ಫಲದ ಮೇಲಿನ ಹಿಡಿತ ಬೆಳೆಯ ಸ್ವಭಾವಕ್ಕೂ ಸೇರಿದ್ದು. ಈ ಜಿಲ್ಲೆಯ ತೆಂಗಿನ ಬೆಳೆಗಾರ ಕಾಯಿಯನ್ನು ಅಟ್ಟಕ್ಕೆ ಹಾಕುತ್ತಾನೆ. ಹತ್ತು ಹನ್ನೆರಡು ತಿಂಗಳಲ್ಲಿ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಾಡಿಸಿದರೆ ಗಿಟಕು ಸದ್ದು. ಅಟ್ಟವಿರುವವನು ಬೆಲೆಗೆ ಕಾಯಬಲ್ಲ. ಟೊಮೆಟೊ, ಬದನೆ, ಬೀನ್ಸ್, ಸೊಪ್ಪು ಬೆಳೆದವನಿಗೆ ಅಟ್ಟವಿಲ್ಲ. ಕುಯ್ದ ದಿನವೇ ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಗೆ ಮುಟ್ಟಿಸಬೇಕು, ಅಲ್ಲಿ ಕೂಗಿದ ಬೆಲೆಗೆ ಒಪ್ಪಬೇಕು. ಬೆಲೆ ಬಿದ್ದ ವಾರ ಬಿಡಿಸುವ ಕೂಲಿಯೂ ಹುಟ್ಟದೆ ಹಣ್ಣು ಗಿಡದಲ್ಲೇ ಕೊಳೆಯುತ್ತದೆ. ಕೆಡುವ ವಸ್ತುವನ್ನು ಯಾರೂ ಕೂಡಿಡಲಾರರು. ಆ ಅರ್ಥದಲ್ಲಿ ತರಕಾರಿ ಹುಟ್ಟಿನಿಂದಲೇ ದಾಸೋಹದ ವಸ್ತು. ಕೂಡಿಡಲಾಗದ ಕಾರಣಕ್ಕೇ ಬೆಳೆದವನು ಎಲ್ಲರಿಗಿಂತ ದುರ್ಬಲ.

ಇಸ್ಲಾಮಿನ ಧರ್ಮಶಾಸ್ತ್ರಜ್ಞರು ಈ ಕಗ್ಗಂಟನ್ನು ಶತಮಾನಗಳ ಹಿಂದೆಯೇ ಚರ್ಚಿಸಿದ್ದರು. ಬೆಳೆಯ ಮೇಲೆ ಕೊಡಬೇಕಾದ ಜಕಾತ್ ಎಂಬ ಕಡ್ಡಾಯ ದಾನ ಮಳೆಯಾಶ್ರಿತ ನೆಲದಲ್ಲಿ ಹತ್ತನೆಯ ಒಂದು ಪಾಲು. ಶ್ರಮಪಟ್ಟು ನೀರೆತ್ತಿ ಬೆಳೆದಿದ್ದರೆ ಇಪ್ಪತ್ತನೆಯ ಒಂದು ಪಾಲು. ನೀರಿನ ಕಷ್ಟವನ್ನು ಧರ್ಮದ ದರದಲ್ಲಿಯೇ ಕಳೆದು ಕೊಡುವ ಲೆಕ್ಕ ಇದು. ಕೆಡುವ ತರಕಾರಿಗೂ ಈ ಕೊಡುಗೆ ಅನ್ವಯಿಸುತ್ತದೆಯೇ ಎಂಬಲ್ಲಿ ಭಿನ್ನಾಭಿಪ್ರಾಯ ಬಂತು. ಒಣಗಿಸಿ ಕೂಡಿಡಬಹುದಾದ ಧಾನ್ಯ, ಹಣ್ಣುಗಳಿಗಷ್ಟೇ ಎಂದವರು ಬಹುಮಂದಿ. ನೆಲ ಕೊಟ್ಟದ್ದಕ್ಕೆಲ್ಲ ಕೊಡಬೇಕು, ತರಕಾರಿಗೂ ಕೊಡಬೇಕು ಎಂದವರು ಇಮಾಮ್ ಅಬೂ ಹನೀಫಾ. ಕೂಡಿಡಲಾಗದವನಿಂದ ಪಾಲು ಕೇಳುವುದು ನ್ಯಾಯವೇ ಎಂಬುದೇ ಎರಡೂ ಪಕ್ಷಗಳ ಒಳಗಿನ ಪ್ರಶ್ನೆ.

ಕರ್ನಾಟಕದಲ್ಲಿ ಕೆಡುವ ಬೆಳೆಯ ಕಷ್ಟಕ್ಕೆ ಲೌಕಿಕ ಉತ್ತರ ಹುಡುಕಿದವರು ತೋಟಗಾರಿಕಾ ತಜ್ಞ ಎಂ.ಎಚ್. ಮರೀಗೌಡರು. ಅವರ ಆಸ್ಥೆಯಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದು ಮುಂದೆ ಹಾಪ್‌ಕಾಮ್ಸ್ ಆಯಿತು: ಬೆಳೆದವನ ಕೈಗೂ ತಿನ್ನುವವನ ಕೈಗೂ ನಡುವೆ ಒಂದೇ ಅಂಗಡಿ. ತುಮಕೂರಿನ ವಸಂತನರಸಾಪುರದಲ್ಲಿ 2014ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಫುಡ್ ಪಾರ್ಕ್ ಇನ್ನೊಂದು ಬಗೆಯ ಉತ್ತರ; ಶೈತ್ಯಾಗಾರ ಎಂಬುದು ತರಕಾರಿಗೆ ಕಟ್ಟಿಕೊಟ್ಟ ಅಟ್ಟ. ಆ ಅಟ್ಟದ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಏನು ಬೆಳೆಯಬೇಕು ಎಂಬುದೂ ಧರ್ಮದ ಪ್ರಶ್ನೆಯೇ. ಗುಬ್ಬಿಯ ಕೆರೆ ಬಯಲುಗಳಲ್ಲಿದ್ದ ಅಡಿಕೆ ಈಗ ರಾಗಿಯ ಹೊಲಗಳಿಗೂ ಹತ್ತಿದೆ. ತಾಂಬೂಲವಿಲ್ಲದೆ ಮದುವೆಯಿಲ್ಲ, ಹೊಂಬಾಳೆಯಿಲ್ಲದೆ ಪೂಜೆಯಿಲ್ಲ; ಅಡಿಕೆ ಮಂಗಳದ್ರವ್ಯ. ಅದೇ ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಬೆಳೆಗಾರರ ಸಂಘಗಳು ಇದನ್ನು ಒಪ್ಪುವುದಿಲ್ಲ. ಇಲ್ಲಿ ಬೆಳೆಯುವವನನ್ನು ಪಾಪಿಯೆನ್ನುವುದು ಸುಲಭದ ದಾರಿ, ಮತ್ತು ತಪ್ಪು ದಾರಿ. ರಾಗಿಗೆ, ತರಕಾರಿಗೆ ಬಾಳಲಾಗುವ ಬೆಲೆ ಸಿಗದೆ ಹೋದಾಗ, ಮಕ್ಕಳ ಓದಿಗೆ ಸಾಲ ಮಾಡಿದವನು ಅಡಿಕೆ ಕಟ್ಟದೆ ಏನು ಮಾಡಿಯಾನು? ಹಾನಿಕರ ವಸ್ತುವಿನ ವ್ಯಾಪಾರ ಸಮ್ಯಕ್ ಆಜೀವವಲ್ಲ ಎಂದು ಬುದ್ಧ ಹೇಳಿದಾಗ ಆ ಮಾತು ಜೀವನೋಪಾಯಕ್ಕೆ ಬೇರೆ ದಾರಿಯಿದ್ದವರನ್ನು ಕುರಿತದ್ದೆಂದು ತಿಳಿದರೆ, ದಾರಿ ಒದಗಿಸದ ಸಮಾಜದ ಮೇಲೂ ಅರ್ಧ ಹೊಣೆ ಬೀಳುತ್ತದೆ.

ಹೊಣೆಯ ಉಳಿದರ್ಧ ನೀರಿನಲ್ಲಿದೆ. ತುಮಕೂರು ಜಿಲ್ಲೆಗೆ ಕಲ್ಪತರು ನಾಡೆಂಬ ಹೆಸರು ತೆಂಗಿನಿಂದ ಬಂತು. ಪುರಾಣದ ಕಲ್ಪವೃಕ್ಷ ಬೇಡಿದ್ದನ್ನು ಕೊಡುತ್ತಿತ್ತು, ತಾನು ಏನನ್ನೂ ಬೇಡುತ್ತಿರಲಿಲ್ಲ. ಈ ನಾಡಿನದು ನೀರು ಬೇಡುತ್ತದೆ. ಅಡಿಕೆ ಇನ್ನೂ ಹಟದಿಂದ ಬೇಡುತ್ತದೆ. ಕೆರೆಗಳು ಬತ್ತಿ ಕೊಳವೆಬಾವಿಗಳು ಆಳಕ್ಕಿಳಿದವು. ಒಬ್ಬನ ಬಾವಿ ಇನ್ನೂ ಕೆಳಗಿಳಿದಾಗ ಪಕ್ಕದವನ ಬಾವಿ ಬರಿದಾಗುವುದು ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಬಾಯಿಬಿಟ್ಟು ಹೇಳದ ಸಂಗತಿ. ನೆಲ ನನ್ನದು, ಬಾವಿ ನನ್ನದು, ವಿದ್ಯುತ್ ಸರ್ಕಾರದ್ದು. ನೀರು ಯಾರದು ಎಂಬ ಕಾಲಂ ಪಹಣಿಯಲ್ಲಿ ಇಲ್ಲ.

ತುಮಕೂರಿನ ಸಮೀಪದ ಮಂದರಗಿರಿ ಜೈನರ ಬೆಟ್ಟ. ಜೈನ ಶ್ರಾವಕಾಚಾರ ಗೃಹಸ್ಥನಿಗೆ ನಿಷೇಧಿಸುವ ಹದಿನೈದು ಕ್ರೂರ ಜೀವನೋಪಾಯಗಳಲ್ಲಿ ಒಂದರ ಹೆಸರು ಸರಃಶೋಷ, ಅಂದರೆ ಕೆರೆ ಕೊಳಗಳನ್ನು ಬತ್ತಿಸುವುದು. ನೀರನ್ನು ಆಶ್ರಯಿಸಿದ ಜೀವಿಗಳ ಹಿಂಸೆ ಅದಕ್ಕೆ ಕಾರಣ. ಗಡ್ಡೆಗೆಣಸು ಬೇಡ, ಮಳೆಗಾಲದಲ್ಲಿ ಸೊಪ್ಪು ಬೇಡ ಎಂಬ ಜೈನ ಊಟದ ನಿಯಮಗಳು ಹೊರಗಿನವರಿಗೆ ಪರಿಚಿತ. ತೋಟಗಾರಿಕೆಯ ಮಟ್ಟಿಗೆ ಸರಃಶೋಷದ ನಿಷೇಧ ಅವೆಲ್ಲಕ್ಕಿಂತ ಮೊನಚಾದದ್ದು. ತಟ್ಟೆಯಲ್ಲಿ ಏನಿದೆ ಎಂಬುದರ ಹಿಂದೆ ಹೋಗಿ, ಅದನ್ನು ಬೆಳೆಯಲು ಯಾವ ಕೆರೆ ಒಣಗಿತು ಎಂದು ಅದು ಕೇಳುತ್ತದೆ.

ಹೇಮಾವತಿಯ ನೀರು ಈ ಪ್ರಶ್ನೆಯನ್ನು ಎರಡು ತಾಲ್ಲೂಕುಗಳ ನಡುವೆ ತಂದು ನಿಲ್ಲಿಸಿದೆ. ಹಾಸನ ಜಿಲ್ಲೆಯ ಗೊರೂರಿನ ಜಲಾಶಯದಿಂದ ನಾಲೆಯಲ್ಲಿ ತುಮಕೂರು ಸೀಮೆಗೆ ನೀರು ಬರುತ್ತದೆ. ನಾಲೆಯ ಕೊನೆಯಲ್ಲಿರುವ ಕುಣಿಗಲ್‌ಗೆ ತನ್ನ ಪಾಲು ಎಂದೂ ಪೂರ್ತಿ ಮುಟ್ಟಿಲ್ಲವೆಂಬುದು ಅಲ್ಲಿನವರ ದೂರು. ಗುಬ್ಬಿ ತಾಲ್ಲೂಕಿನಿಂದ ನೇರವಾಗಿ ಅತ್ತ ನೀರೊಯ್ಯುವ ಲಿಂಕ್ ಕೆನಾಲ್ ಕಾಮಗಾರಿ ಅದಕ್ಕೆ ಪರಿಹಾರವಾಗಿ ಬಂತು. ಅದರಿಂದ ತಮ್ಮ ಕೆರೆಗಳಿಗೆ ನೀರು ತಪ್ಪುತ್ತದೆಂದು ಗುಬ್ಬಿ, ತುಮಕೂರು, ತುರುವೇಕೆರೆ ಕಡೆಯ ರೈತರು 2024 ಮತ್ತು 2025ರಲ್ಲಿ ಹೋರಾಟಕ್ಕಿಳಿದರು. ಎರಡೂ ಕಡೆಯವರು ತೋಟದವರೇ, ಎರಡೂ ಕಡೆಯವರು ಎಡೆಯೂರಿಗೂ ಸಿದ್ಧಗಂಗೆಗೂ ನಡೆದುಕೊಳ್ಳುವವರೇ. ಕುಣಿಗಲ್ ಕೆರೆಯ ಸೊಬಗನ್ನು ಹೊಗಳುವ ಜನಪದ ಹಾಡು ನಾಡಿಗೆಲ್ಲ ಗೊತ್ತು. ಆ ಕೆರೆ ತುಂಬಲು ಇಂದು ಗುಬ್ಬಿಯ ಒಪ್ಪಿಗೆ ಬೇಕಾಗಿದೆ. ಲಕ್ಕಮ್ಮನ ಅಳತೆ ಇಲ್ಲಿಗೆ ಬರುತ್ತದೆ. ನಾಲೆಯ ಮೇಲ್ಭಾಗದವನು ನಮ್ಮ ನೆಲದ ಮೇಲೆ ಹರಿಯುವುದನ್ನು ತಾನೇ ಎತ್ತಿದ್ದು ಎನ್ನಬಹುದು. ಮಾರಯ್ಯನೂ ಬಿದ್ದದ್ದನ್ನು ತಾನೇ ಆಯ್ದದ್ದು.

ಹಂಚಿಕೆಯ ಪ್ರಶ್ನೆಗೆ ಒಂದು ನಯವಾದ ಉತ್ತರ ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸಿನ ಮರವೊಂದರಿಂದ ಸಿಕ್ಕಿತು. ರೈತ ಎಸ್.ಎಸ್. ಪರಮೇಶ ಅವರ ತೋಟದಲ್ಲಿ ತಂದೆ ಸಿದ್ದಪ್ಪ ನೆಟ್ಟಿದ್ದ ಮರ ಅದು. ಎರಡೂವರೆ ಕಿಲೋ ಆಸುಪಾಸಿನ ಸಣ್ಣ ಹಣ್ಣು, ಒಳಗೆ ತಾಮ್ರಗೆಂಪಿನ ತೊಳೆ. ಬಹುಕಾಲ ಅದರ ಹಣ್ಣು ನೆಂಟರಿಗೆ, ಸ್ನೇಹಿತರಿಗೆ ಹೋಗುತ್ತಿತ್ತು. ತುಮಕೂರು ಬಳಿಯ ಹಿರೇಹಳ್ಳಿಯಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಿ, ಲೈಕೋಪೀನ್ ಅಂಶ ಹೆಚ್ಚಿರುವುದನ್ನು ಕಂಡರು. ತಳಿಗೆ ತಂದೆಯ ನೆನಪಿನಲ್ಲಿ ಸಿದ್ದು ಎಂದು ಹೆಸರಾಯಿತು. 2017ರಲ್ಲಿ ಆದ ಒಪ್ಪಂದದಂತೆ ಕಸಿ ಸಸಿಗಳ ಮಾರಾಟದಿಂದ ಬಂದ ಹಣದಲ್ಲಿ ಶೇಕಡ 75 ಪಾಲು ಮರದ ಒಡೆಯನಿಗೆ.

ಕಸಿಯೇ ಏಕೆ ಎಂಬಲ್ಲಿ ಸ್ವಲ್ಪ ತತ್ವವಿದೆ. ಹಲಸು ಪರಕೀಯ ಪರಾಗಸ್ಪರ್ಶದ ಮರ. ಬೀಜ ಹಾಕಿದರೆ ಹುಟ್ಟುವುದು ಇನ್ನೊಂದೇ ಹಲಸು. ಹಣ್ಣು ತಿಂದವರೆಲ್ಲ ಬೀಜ ಒಯ್ದಿದ್ದರೂ ಯಾರೂ ಸಿದ್ದುವನ್ನು ಒಯ್ದಿರಲಿಲ್ಲ. ಕಸಿಯಲ್ಲಿ ಮಾತ್ರ ಅದೇ ಮರ ಬೇರೆ ಬೇರಿನ ಮೇಲೆ ಮುಂದುವರಿಯುತ್ತದೆ. ಅಂದರೆ ಮಾರಾಟವಾಗುವ ಒಂದೊಂದು ಸಸಿಯೂ ಸಿದ್ದಪ್ಪ ನೆಟ್ಟ ಮರವೇ. ಆ ಮಟ್ಟಿಗೆ ಒಡೆತನದ ವಾದ ಗಟ್ಟಿ. ಅದರ ಇನ್ನೊಂದು ಮಗ್ಗುಲೂ ಇದೆ: ಅಂಥ ಗುಣ ಆ ಮರಕ್ಕೆ ಬಂದದ್ದು ಹೆಸರು ಗೊತ್ತಿಲ್ಲದ ನೂರಾರು ಜನ ತಲೆತಲಾಂತರ ರುಚಿಯ ಹಣ್ಣಿನ ಬೀಜವನ್ನು ಬದುವಿಗೆ ಹಾಕುತ್ತ ಬಂದುದರಿಂದ. ಅವರ ಪಾಲು ಯಾವ ಒಪ್ಪಂದದಲ್ಲೂ ಬರೆಯಲಾಗದು. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತನನ್ನು ಬೆಳೆಗಾರನಷ್ಟೇ ಎನ್ನದೆ ತಳಿಯನ್ನು ಕಾಪಾಡಿದವನು, ರೂಪಿಸಿದವನು ಎಂದೂ ಗುರುತಿಸುತ್ತದೆ. ಬಿತ್ತನೆಯನ್ನು ಉಳಿಸಿಕೊಳ್ಳುವ, ವಿನಿಮಯ ಮಾಡುವ, ಬ್ರ್ಯಾಂಡಿನ ಹೆಸರಿಲ್ಲದೆ ಮಾರುವ ಹಕ್ಕನ್ನೂ ಕೊಡುತ್ತದೆ. ಕಂಪನಿಗಳ ಒಡೆತನವೇ ಮೊದಲೆಂದು ನಡೆಯುವ ಜಗತ್ತಿನಲ್ಲಿ ಇದು ಚಿಕ್ಕ ಸಂಗತಿಯಲ್ಲ. ಆದರೂ ಗೇಣಿಗೆ ಮಾಡುವವನು, ಚೇಣಿಗೆ ಹಿಡಿದವನು, ದಿನಗೂಲಿಯವಳು ಇಂಥ ಒಪ್ಪಂದಗಳ ಹೊರಗೇ ಉಳಿಯುತ್ತಾರೆ. ಮರಕ್ಕೆ ಒಡೆಯನಿದ್ದರೆ ತಾನೇ ಒಡಂಬಡಿಕೆ.

ಕೊನೆಯದು ತಿನ್ನುವವರ ಪಾಲು. ದಿನಕ್ಕೆ ಒಬ್ಬರು 400 ಗ್ರಾಂ ಹಣ್ಣು ತರಕಾರಿಯಾದರೂ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಣ್ಣು ತರಕಾರಿ ಬೆಳೆಯುವುದರಲ್ಲಿ ಚೀನಾದ ನಂತರ ಭಾರತದ್ದೇ ಸ್ಥಾನ. ಬೆಳೆದದ್ದು ಬಿಡಿಸಿದವರ ತಟ್ಟೆಗೆ ಬರುವುದು ಬೇರೆ ಮಾತು. ಯೆಹೂದ್ಯರ ಧರ್ಮಗ್ರಂಥ ಹೊಲದ ಅಂಚನ್ನು ಕುಯ್ಯದೆ, ಉದುರಿದ ದ್ರಾಕ್ಷಿಯನ್ನು ಆಯದೆ ಬಡವರಿಗೂ ಪರದೇಶಿಗೂ ಬಿಡಬೇಕೆಂದು ವಿಧಿಸುತ್ತದೆ. ಈ ಸೀಮೆಯಲ್ಲಿ ಅಂಥ ವಿಧಿ ಎಲ್ಲಿಯೂ ಬರೆದಿರಲಿಲ್ಲ, ನಡೆಯುತ್ತಿತ್ತು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಇರುತ್ತಿದ್ದವು. ಅವುಗಳ ನಡುವೆ ಯಾರೂ ಬಿತ್ತದ ಅಣ್ಣೆ, ಗೋಣಿ, ಕನ್ನೆ, ದಗ್ಗಲು ಸೊಪ್ಪು. ಮಳೆ ಬಿದ್ದ ಮೇಲೆ ಹೆಂಗಸರು ಮಡಿಲು ಕಟ್ಟಿಕೊಂಡು ಯಾರ ಹೊಲಕ್ಕಾದರೂ ಇಳಿದು ಬೆರಕೆ ಸೊಪ್ಪು ಕಿತ್ತು ತರುತ್ತಿದ್ದರು. ನೆಲವಿಲ್ಲದ ಮನೆಯವಳೂ ಕೇಳದೆ ಇಳಿಯಬಹುದಿತ್ತು. ಒಡೆಯನಿಗೆ ಅದು ಕಳೆ, ಅವಳಿಗೆ ಸಂಜೆಯ ಸಾರು. ಕಿತ್ತರೆ ಇಬ್ಬರಿಗೂ ಉಪಕಾರ. ಹೊಲ ಅಡಿಕೆ ತೋಟವಾದಾಗ ಸುತ್ತ ತಂತಿಬೇಲಿ ಬರುತ್ತದೆ, ಬುಡಕ್ಕೆ ಕಳೆನಾಶಕ ಬೀಳುತ್ತದೆ. ಜಿಲ್ಲೆಯ ತೋಟಗಾರಿಕೆಯ ವಿಸ್ತೀರ್ಣ ಅಷ್ಟು ಎಕರೆ ಹೆಚ್ಚಿತೆಂದು ಕಾಗದದಲ್ಲಿ ಬರುತ್ತದೆ. ಬೆರಕೆ ಸೊಪ್ಪಿಗೆ ಮೊದಲೂ ಕಾಲಂ ಇರಲಿಲ್ಲವಾದ್ದರಿಂದ ಕಡಿಮೆಯಾದದ್ದು ಎಲ್ಲಿಯೂ ಬರುವುದಿಲ್ಲ.